ಕೊನೆಯ ಜಳಕದ ಬಿಸಿನೀರು

ಆಂಟಾಪ್ ಹಿಲ್‌ನಲ್ಲಿ ಕ್ರೈಸ್ತ ಸಿಸ್ಟರ್‌ಗಳು ನಡೆಸುವ ನಿರ್ಗತಿಕರ ಆಶ್ರಮಕ್ಕೆ ಶವ ಒಯ್ಯುವ ಗಾಡಿ ತಂದಿದ್ದೆ. ತೀರಿಕೊಂಡ ಮುದುಕನಿಗೆ ನಮ್ಮ ವಿಜಯಪುರದಿಂದ ಬಂದು ಇಲ್ಲೇ ಪಕ್ಕದ ಗಲ್ಲಿಯಲ್ಲಿ ಅಂಗಡಿ ಇಟ್ಟಿದ್ದ ಟೇಲರ್ ಮೆಹಬೂಬಣ್ಣ ಜಳಕ ಮಾಡಿಸುತ್ತಿದ್ದ. ಅಲ್ಲಿ ಗಂಡಸರು ಯಾರೇ ತೀರಿಕೊಂಡರೂ, ಯಾವ ಧರ್ಮದವರಾದರೂ, ಸಿಸ್ಟರ್ ಕರೆಯುವುದು ಅವನನ್ನೇ. ಅಂಗಡಿ ಬಿಟ್ಟು ಓಡಿಬಂದಿದ್ದ. ಅಳತೆ ಟೇಪು ಇನ್ನೂ ಕೊರಳಲ್ಲೇ ಇತ್ತು.

ಬಕೆಟ್ಟಿಗೆ ಮೊಣಕೈ ಅದ್ದಿ ನೋಡಿ, ಸಿಸ್ಟರ್‌ಗೆ ಇನ್ನಷ್ಟು ಬಿಸಿನೀರು ಕೇಳಿದ. ಆ ವಯಸ್ಸಾದ ಸಿಸ್ಟರ್ ತಾವೇ ಒಲೆಯ ಕಡೆ ಹೋದರು.

"ಸತ್ತವರಿಗೆ ಬಿಸಿ, ತಣ್ಣಗ ಏನ್ ತಿಳೀತೈತಿ ಅಣ್ಣಾ?" ಅಂದೆ.

"ಸಿಸ್ಟರ್ ಇವ್ರಿಗೆ ದಿನಾ ಬಿಸಿನೀರು ಕಾಸಿ ಕೊಡ್ತಿದ್ರು. ಇವತ್ತೊಂದಿನ ಯಾಕ ತಪ್ಪಿಸೋದು?"

ಸ್ಮಶಾನದ ತನಕ ಒಂದೊಂದು ಗುಂಡಿಯನ್ನೂ ತಪ್ಪಿಸಿ ಗಾಡಿ ಓಡಿಸಿದೆ. ಹೆಂಡತಿಯನ್ನು ಸ್ಕೂಟರ್ ಮೇಲೆ ಕೂರಿಸಿಕೊಂಡಾಗಲೂ ಅಷ್ಟು ಜೋಪಾನವಾಗಿ ಹೋದವನಲ್ಲ ನಾನು.