ಇಪ್ಪತ್ತು ವ್ಯಾಟೋ, ನೂರು ವ್ಯಾಟೋ

ನಲವತ್ತು ವರ್ಷ ಮೈಕ್ ಸೆಟ್ ಬಾಡಿಗೆಗೆ ಕೊಟ್ಟವನ ಕಿವಿ ಚುರುಕಾಗಿರುತ್ತದೆ ಎಂದು ನೀವು ನಂಬಿದ್ದರೆ ಆ ನಂಬಿಕೆಯನ್ನು ಇವತ್ತೇ ಬಿಟ್ಟುಬಿಡಿ. ಸಿದ್ದಾಪುರ ಪೇಟೆಯಲ್ಲಿ ನನ್ನ ಅಂಗಡಿ ಇತ್ತು. ಮದುವೆ, ತಾಳಮದ್ದಲೆ, ಚುನಾವಣೆಯ ಭಾಷಣ, ಯಾವುದಾದರೂ ಸರಿ, ಹಾರ್ನ್ ಸ್ಪೀಕರಿನ ಬುಡದಲ್ಲಿ ನಿಂತು ಬದುಕಿದವನು ನಾನು. ಎತ್ತರದ ಸ್ವರಗಳು ಒಂದೊಂದಾಗಿ ಕಿವಿಯಿಂದ ಎದ್ದುಹೋದವು. ಸೊಳ್ಳೆಗಳು ಕಚ್ಚುವ ಮುಂಚೆ ಹಾಡುವುದನ್ನು ನಿಲ್ಲಿಸಿದಾಗ, ಈಗಿನ ಸೊಳ್ಳೆಗಳಿಗೆ ಸಂಗೀತದಲ್ಲಿ ಆಸಕ್ತಿಯಿಲ್ಲ ಎಂದುಕೊಂಡೆನೇ ಹೊರತು ನನ್ನ ಮೇಲೆ ಅನುಮಾನ ಪಡಲಿಲ್ಲ.

ಈ ಕಿವಿಯನ್ನೇ ನಂಬಿ ಬಂದವಳು ತಂಗಿಯ ಮಗಳು ಸುಮನಾ. ಶಿರಸಿಯ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತಾಳೆ, ರಜೆಯ ದಿನ ಎಲೆಕ್ಟ್ರಿಕ್ ಗಿಟಾರ್ ನುಡಿಸುತ್ತಾಳೆ. ಅವಳ ಸಾಮಾನೆಲ್ಲ ಕಬ್ಬಿಣದ ಚೌಕಟ್ಟಿನಲ್ಲಿ ಊಟದ ಕ್ಯಾರಿಯರಿನ ಡಬ್ಬಿಗಳಂತೆ ಒಂದರ ಮೇಲೊಂದು ಕೂತಿರುತ್ತದೆ. ಅದಕ್ಕೆ ರ‍್ಯಾಕ್ ಎನ್ನುತ್ತಾಳೆ. ಮೇಲಿನ ಡಬ್ಬಿ ದನಿಗೆ ರುಚಿ ಕೂಡಿಸುತ್ತದೆ; ಕೆಳಗಿನದು, ಅಂದರೆ ಪವರ್ ಆಂಪ್, ಆ ದನಿಗೆ ಬಲ ಕೊಟ್ಟು ಸ್ಪೀಕರಿಗೆ ಮುಟ್ಟಿಸುತ್ತದೆ. ಈ ಕೆಳಗಿನದು ಕೆಟ್ಟಿತ್ತು. ಇನ್ನೊಂದು ಕೊಂಡರೆ ಟ್ಯೂಬಿನದೇ ಆಗಬೇಕೆಂದು ಅವಳ ಹಟ. ಟ್ಯೂಬೆಂದರೆ ಹಳೆಯ ರೇಡಿಯೋದೊಳಗೆ ಕೆಂಪಗೆ ಉರಿಯುತ್ತಿದ್ದ ಗಾಜಿನ ಬುರುಡೆ. ಟ್ರಾನ್ಸಿಸ್ಟರ್ ಬಂದಾಗ ಅಂಥವನ್ನು ಗೋಣಿಚೀಲ ತುಂಬಿ ಗುಜರಿಗೆ ಹಾಕಿದ ಮಹಾಶಯ ನಾನೇ.

ನನ್ನ ಗೊಂದಲ ಶುರುವಾದದ್ದು ಇಲ್ಲಿಂದ. ದನಿ ಒಡೆಯಬಾರದು ಎಂಬ ಒಂದೇ ಚಿಂತೆಯಲ್ಲಿ ನಾನು ತಲೆ ಬೆಳ್ಳಗೆ ಮಾಡಿಕೊಂಡೆ. ಭಾಷಣಕಾರರು ಅರಚಿದಾಗ ಓಡಿಹೋಗಿ ವಾಲ್ಯೂಮ್ ತಗ್ಗಿಸುತ್ತಿದ್ದೆ. ಗಿಟಾರಿನವರಿಗೋ ದನಿ ಒಡೆಯಲೇಬೇಕು! ಟ್ಯೂಬನ್ನು ಮಿತಿಮೀರಿ ದುಡಿಸಿದರೆ ದನಿ ಮೆತ್ತಗೆ ಬಿರಿಯುತ್ತದಂತೆ, ಅದೇ ಸೊಗಸಂತೆ. ವ್ಯಾಟಿನ ಲೆಕ್ಕವಂತೂ ಇನ್ನೂ ವಿಚಿತ್ರ. ವ್ಯಾಟ್ ಐದು ಪಟ್ಟಾದರೆ ಸದ್ದು ಕಿವಿಗೆ ಎರಡು ಪಟ್ಟೂ ಅನಿಸುವುದಿಲ್ಲ. ಆದರೆ ಸಣ್ಣದು ಬೇಗ ಬಿರಿಯುತ್ತದೆ, ದೊಡ್ಡದು ಮನೆಯ ಹೆಂಚು ಅದುರುವವರೆಗೂ ಗಂಭೀರವಾಗಿಯೇ ಇರುತ್ತದೆ. ಇದೆಲ್ಲ ನನಗೆ ತಿಳಿದದ್ದು ತಪ್ಪು ಮಾಡಿದ ಮೇಲೆ.

ಯಲ್ಲಾಪುರದ ಬಸವರಾಜ ಎಂಬ ಗಿಟಾರ್ ವಾದಕನ ಹತ್ತಿರ ಇಂಥ ಟ್ಯೂಬಿನ ಪವರ್ ಆಂಪ್ ಎರಡಿದ್ದವು, ಇಪ್ಪತ್ತು ವ್ಯಾಟಿನದೊಂದು, ನೂರರದೊಂದು. ಯಾವುದಾದರೂ ಒಂದನ್ನು ಮಾರುವವನಿದ್ದ. ಮೂಲತಃ ಹುಬ್ಬಳ್ಳಿ ಕಡೆಯವನು; ನಾನೂ ಸುಮನಾಳೂ ಹೋದಾಗ “ಬರ್ರಿ ಅಜ್ಜಾರ, ಕೂಡ್ರಿ” ಎಂದು ಚಹಾ ಕೊಟ್ಟ. ಸುಮನಾ ಎರಡಕ್ಕೂ ಗಿಟಾರ್ ಜೋಡಿಸಿ ನುಡಿಸಿದಳು. ನನಗೆ ಎರಡೂ ಒಂದೇ. ದೂರದಲ್ಲಿ ಲಾರಿ ಘಟ್ಟ ಹತ್ತಿದ ಹಾಗೆ.

“ಯಾವ್ದು ತಗಳವು ಮಾವ? ನೀ ಹೇಳಿದ್ದೇ ಸೈ.”

ವ್ಯತ್ಯಾಸ ಕೇಳಿಸಲಿಲ್ಲ ಎಂದಿದ್ದರೆ ಮುಗಿದಿತ್ತು. ಅದರ ಬದಲು ಕಣ್ಣಿಗೆ ಕಂಡದ್ದನ್ನು ಹಿಡಿದೆ. ಸಣ್ಣದರ ಟ್ಯೂಬಿನ ಗಾಜಿನ ಮೇಲೆ ತುಸು ನೀಲಿ ಬೆಳಕಿತ್ತು. ಗಾಜಿನ ಮೇಲಿನ ನೀಲಿಯಿಂದ ಏನೂ ತೊಂದರೆಯಿಲ್ಲವೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ, “ಸಣ್ಣದ್ರ ಟ್ಯೂಬ್ ಸತ್ತೋಯ್ದು, ನೋಡು” ಎಂದುಬಿಟ್ಟೆ.

“ಅಜ್ಜಾರ, ಹ್ವಾದ ವಾರ ಹೊಸಾದು ಹಾಕೇನ್ರಿ!” ಎಂದ ಬಸವರಾಜ.

“ಹೊಸದು ಸಾಯಬಾರದು ಅಂತ ಎಲ್ಲಿ ಬರೆದಿದೆ?” ಎಂದೆ.

ಸುಮನಾ ನೂರು ವ್ಯಾಟಿನದನ್ನೇ ತಂದಳು. ಎರಡು ತಿಂಗಳಾದ ಮೇಲೆ ಅವಳ ಮನೆಗೆ ಹೋದರೆ ಗಿಟಾರಿನ ಮೇಲೆ ಇಸ್ತ್ರಿಯ ಬಟ್ಟೆ ಹೇರಿದ್ದಳು. “ಎಷ್ಟು ನುಡ್ಸಿರೂ ದನಿಗೆ ಜೀವ ಬರ್ತಿಲ್ಲೆ. ಎನ್ನ ಬೆರಳೇ ಸರಿ ಇಲ್ಲೆ ಮಾವ. ಯಾರಿಗಾದ್ರೂ ಕೊಟ್ಟು ಕೈ ತೊಳ್ಕಂಬದೇ ಸೈ” ಎಂದಳು. ನನ್ನ ಕಿವಿಯ ದೋಷವನ್ನು ಆ ಹುಡುಗಿ ತನ್ನ ಬೆರಳಿಗೆ ಹಚ್ಚಿಕೊಂಡಿದ್ದಳು. ಅವಲಕ್ಕಿಯ ತಟ್ಟೆ ಪಕ್ಕಕ್ಕಿಟ್ಟೆ. ಎಲ್ಲ ಹೇಳಿದೆ.

ಕಾಯಿ ತುರಿಯುತ್ತಿದ್ದವಳ ಕೈ ನಿಂತಿತು. “ಮಾವಾ! ಎಂಗೆ ಸಣ್ಣದೇ ಚಲೋ ಕೇಳಿತ್ತು. ನೀ ಸತ್ತೋಯ್ದು ಅಂದಿದ್ದಕ್ಕೆ ಎನ್ನ ಕಿವಿಯನ್ನೇ ನಂಬಿದ್ನಿಲ್ಲೆ!”

“ಬೈಯ್ಯಿ.”

“ಬೈಯದೆ ಪೂಜೆ ಮಾಡವಾ? ಅಂಗಿ ಹಾಕ್ಯ, ಯಲ್ಲಾಪುರಕ್ಕೆ ಹೋಪನ.”

ನೂರು ವ್ಯಾಟಿನದನ್ನು ಹೊತ್ತುಕೊಂಡು ಹೋಗಿ ಬಸವರಾಜನ ಎದುರೂ ತಪ್ಪೊಪ್ಪಿಕೊಂಡೆ, ಇದನ್ನಿಟ್ಟುಕೊಂಡು ಸಣ್ಣದನ್ನು ಕೊಡು ಎಂದು ಕೇಳಿದೆ. ಅವನು ತಲೆ ಕೆರೆದುಕೊಂಡ. “ನೀವು ಸತ್ತೈತಿ ಅಂದ್ರಲ್ಲ, ಖರೇ ಏನೋ ಅಂತ ದಿನಾ ಹಚ್ಚಿ ನೋಡಾಕ ಹತ್ತಿದ್ನಿ. ಈಗ ಅದನ್ನ ಬಿಟ್ಟಿರಾಕ ಆಗವಲ್ದ್ರಿ ಅಜ್ಜಾರ.” ನನ್ನ ಸುಳ್ಳಿನಿಂದ ಒಬ್ಬನಿಗಾದರೂ ಉಪಕಾರವಾಯಿತಲ್ಲ ಎಂದು ಸಮಾಧಾನಪಡಬೇಕೋ, ಅದೇ ಈಗ ಸುಮನಾಳಿಗೆ ಅಡ್ಡ ಬಂತೆಂದು ಅಳಬೇಕೋ ತಿಳಿಯಲಿಲ್ಲ.

“ಒಂದು ಸಲ ನುಡಿಸ್ಲಾ?” ಎಂದಳು ಸುಮನಾ. ಕಣ್ಣು ಮುಚ್ಚಿ ನುಡಿಸಿದಳು; ನನ್ನತ್ತ ಒಮ್ಮೆಯೂ ನೋಡಲಿಲ್ಲ. ಬಸವರಾಜನ ಚಹಾ ಕೈಯಲ್ಲೇ ಆರಿತು. ಕೊನೆಗೆ, “ಒಯ್ರಿ ಅಕ್ಕಾರ. ನನ್ನ ಕೈಯಾಗ ಇದು ಹಿಂಗ ಮಾತಾಡಂಗಿಲ್ಲ. ದೊಡ್ಡದು ನನಗಿರ್ಲಿ” ಎಂದ. ಆಮೇಲೆ ಮರ್ಯಾದೆಗೆಂದು ನನ್ನ ಕಡೆ ತಿರುಗಿದ. “ಹೆಂಗೈತ್ರಿ ಅಜ್ಜಾರ ದನಿ?”

“ನಂಗೆ ಸರಿಯಾಗಿ ಕೇಳೂದಿಲ್ಲ ಮಾರಾಯ” ಎಂದೆ.

ಇಬ್ಬರೂ ಹೌದೆಂದು ತಲೆಯಾಡಿಸಿ ತಮ್ಮ ಮಾತಿಗೆ ಮರಳಿದರು, ಅಷ್ಟೆ. ಇಪ್ಪತ್ತು ಮೇಲೋ ನೂರು ಮೇಲೋ ನನಗೆ ಇನ್ನೂ ತಿಳಿದಿಲ್ಲ. ಆದರೆ ಅಭಿಪ್ರಾಯ ಹೇಳುವ ಹೊಣೆಯಿಲ್ಲದೆ ಸಂಗೀತದ ಮುಂದೆ ಸುಮ್ಮನೆ ಕೂರುವುದು ಇಷ್ಟು ಹಿತವೆಂದು ಗೊತ್ತಿದ್ದರೆ, ನಾನು ಎಂದೋ ಕಿವುಡನಾಗಲು ಒಪ್ಪಿಕೊಳ್ಳುತ್ತಿದ್ದೆ.