ಟವೆಲ್ ಕೆಳಗೆ ಮಾರಿದ ಆಂಪ್ಲಿಫಯರ್

ಗೆಳೆಯರೇ, ನನ್ನ ಹಳೇ ಆಂಪ್ಲಿಫಯರ್ ಇವತ್ತು ಮಾರಾಟವಾಯಿತು! ‘ಗುಜರಿಗೆ ಹಾಕ್ರಿ’ ಎಂದು ಮೂರು ತಿಂಗಳಿಂದ ಹೆಂಡತಿ ಕಾಡುತ್ತಿದ್ದಳು. ಮೂರು ಸಾವಿರಕ್ಕೆ ಕಡಿಮೆ ಕೊಡುವುದಿಲ್ಲವೆಂದು ನಾನು ಹಟ ಹಿಡಿದು ಕೂತಿದ್ದೆ.

ಬೆಳಿಗ್ಗೆ ಹಗರಿಬೊಮ್ಮನಹಳ್ಳಿಯ ನಮ್ಮ ಮನೆಗೆ ತಂಬ್ರಹಳ್ಳಿಯ ಭಜನಾ ಮಂಡಳಿಯ ಹಿರಿಯರೊಬ್ಬರು ಬಂದರು. ಅವರ ಕಸುಬು ಎತ್ತಿನ ದಲ್ಲಾಳಿಕೆ. ಹಾಡು ಹಚ್ಚಿಸಿ ಕೇಳಿದರು, ಡಬ್ಬಿಯ ಬೆನ್ನು ತಟ್ಟಿ ನೋಡಿದರು. ಆಮೇಲೆ ಹೆಗಲ ಮೇಲಿನ ಟವೆಲನ್ನು ನನ್ನ ಕೈಮೇಲೆ ಹೊದಿಸಿ, ‘ಮನಿಯವ್ರ ಮುಂದ ಬಾಯಿಲೆ ರೇಟು ಬ್ಯಾಡ್ರಿ’ ಎಂದು ಒಳಗೇ ನನ್ನ ಎರಡು ಬೆರಳು ಹಿಡಿದರು. ದನದ ಸಂತೆಯಲ್ಲಿ ವ್ಯಾಪಾರ ಕುದುರಿಸುವುದು ಹೀಗೇ!

ನನಗೋ ಆ ಭಾಷೆ ಬಾರದು. ಎರಡು ಸಾವಿರವೋ, ಇನ್ನೂರೋ? ಕಕ್ಕಾಬಿಕ್ಕಿಯಾಗಿ ಸುಮ್ಮನೆ ಕೂತೆ. ಮೂರು ಬೆರಳು ಹಿಡಿದರು. ಮುನ್ನೂರಾದರೆ? ಆಗಲೂ ಸುಮ್ಮನಿದ್ದೆ. ನಾಲ್ಕಾಯಿತು. ಕೊನೆಗೆ ಐದೂ ಬೆರಳು ಒತ್ತಿ ಹಿಡಿದು, ‘ಭಾರಿ ಗಟ್ಟಿ ಆಸಾಮಿ ಅದೀರಿ ಬಿಡ್ರಿ’ ಎಂದವರೇ ಟವೆಲ್ ಕೆಳಗೇ ಐದು ಸಾವಿರ ನನ್ನ ಕೈಗಿಟ್ಟರು.

ಆಂಪ್ಲಿಫಯರ್ ಓಣಿ ದಾಟುತ್ತಲೇ ಹೆಂಡತಿ ಕೇಳಿದಳು, ‘ಎಷ್ಟಕ್ಕ ಹೋತ್ರಿ?’

‘ಟವೆಲ್ ತಗೊಂಡ್ ಬಾ, ಹೇಳ್ತೀನಿ’ ಎಂದೆ.