ಕಣ್ಣಿಲ್ಲದ ದಬ್ಬಳ

ಹಳೇ ಕಬ್ಬಿಣ ಕಂಡರೆ ನನ್ನ ಕೈ ಸುಮ್ಮನಿರುತ್ತಿರಲಿಲ್ಲ. ಅರವತ್ತರ ದಶಕದಲ್ಲಿ ನಾನು ಹನೂರಿನ ಮರದ ಡಿಪೋದಲ್ಲಿ ಗುಮಾಸ್ತ. ಕೊಳ್ಳೇಗಾಲದ ಸಂತೆಗೆ ಹೋದಾಗಲೆಲ್ಲ ಹಳೇ ಸಾಮಾನು ಹರಡಿಕೊಂಡವನ ಮುಂದೆ ಕುಕ್ಕರುಗಾಲಲ್ಲಿ ಕೂತುಬಿಡುತ್ತಿದ್ದೆ. ಒಂದು ಸಲ ಮರದ ಹಿಡಿಯ ಉಕ್ಕಿನ ಚುಚ್ಚುಗೋಲೊಂದು ಸಿಕ್ಕಿತು. ಅರ್ಧ ಗೇಣುದ್ದ, ತುದಿಗೆ ಮೂರು ಅಲಗು. ಮೇಲೆ ಬಿಗಿಯಾಗಿ ಕೂರುವ ಹಿತ್ತಾಳೆ ಕೊಳವೆ, ಅದರ ಬಾಯಿಗೆ ಬಿಲ್ಲೆಯಂಥ ಅಂಚು.

"ಗೋಣಿ ಹೊಲಿಯೋ ದಬ್ಬಳ ಸಾ" ಎಂದ ಮಾರುವವನು. ದಾರ ಪೋಣಿಸಲು ಕಣ್ಣೇ ಇಲ್ಲದ ದಬ್ಬಳ! ಅವನಿಗೂ ಗೊತ್ತಿಲ್ಲವೆಂದು ಖುಷಿಯಾಗಿಯೇ ಕೊಂಡೆ.

ಯಳಂದೂರಿನ ಚಪ್ಪಲಿ ಹೊಲಿಯುವವನು ತನ್ನ ಕಸುಬಿನದಲ್ಲ ಎಂದ. ಅಕ್ಕಿ ಗಿರಣಿಯವನು ಮೂಟೆಗೆ ಚುಚ್ಚಿ ನೋಡಿ ವಾಪಸ್ ಕೊಟ್ಟ. ಅಕ್ಕಸಾಲಿ ನಕ್ಕ.

"ಮಗಳ್ಗೆ ಗಂಡು ಹುಡುಕ್ದಂಗೆ ಊರೂರು ಸುತ್ತುತೀರಲ್ಲ" ಎಂದು ಹೆಂಡತಿ ಆಡಿಕೊಂಡಳು.

ಕೊನೆಗೆ ನಾನೇ ತೀರ್ಮಾನಿಸಿದೆ: ಮರಕ್ಕೆ ತೂತು ಹಾಕುವ ಸಾಧನ, ಕೊಳವೆ ಅದರ ಒರೆ. ಒರೆ ಇಲ್ಲದೆಯೂ ಕೆಲಸ ನಡೆಯುತ್ತದೆಂದು ಅದನ್ನು ಪಾತ್ರೆ ಮಾರುವವನಿಗೆ ಕೊಟ್ಟು ಸೌಟು ತೆಗೆದುಕೊಂಡೆ. ನನ್ನ ಜಾಣತನಕ್ಕಿಷ್ಟು ಬೆಂಕಿ ಹಾಕ!

ನಮಗೆ ಮಕ್ಕಳಿರಲಿಲ್ಲ. ಇದ್ದದ್ದೊಂದು ಎಮ್ಮೆ. ಸತ್ತೇಗಾಲದ ತವರಿನಿಂದ ಕರುವಾಗಿದ್ದಾಗಲೇ ಹೆಂಡತಿ ತಂದು ಸಾಕಿದ್ದು. ನನಗಿಂತ ಅದರ ಜೊತೆಗೇ ಅವಳ ಮಾತು ಹೆಚ್ಚು. ಒಂದು ಬೆಳಿಗ್ಗೆ ಅದು ಹಗ್ಗ ಕಿತ್ತುಕೊಂಡು ಇಬ್ಬನಿ ಹಿಡಿದ ಹುರುಳಿ ಹೊಲಕ್ಕೆ ನುಗ್ಗಿ ಮೇಯಿತು. ಹೊತ್ತೇರುವಷ್ಟರಲ್ಲಿ ಎಡಪಕ್ಕೆ ತಮಟೆಯಂತೆ ಬಿಗಿದು ಉಸಿರಿಗೆ ಒದ್ದಾಡತೊಡಗಿತು. ದನದ ಆಸ್ಪತ್ರೆಯ ಕಾಂಪೌಂಡರನ್ನು ಕರೆತಂದೆ. ಡಾಕ್ಟರು ಸಲಕರಣೆಯ ಚೀಲ ಸಮೇತ ಕೌದಳ್ಳಿಗೆ ಹೋಗಿದ್ದರು. ಬರಿಗೈಲಿ ನಿಂತಿದ್ದ ಕಾಂಪೌಂಡರಿಗೆ ಕೊಟ್ಟಿಗೆಯ ಕಂಬಕ್ಕೆ ಚುಚ್ಚಿಟ್ಟಿದ್ದ ನನ್ನ ಚುಚ್ಚುಗೋಲು ಕಂಡಿತು.

"ಅಯ್ಯೋ ಸಾ, ಇಲ್ಲೇ ಅದೆಯಲ್ಲ! ಒಟ್ಟೆ ಉಬ್ಬರಕ್ಕೆ ಚುಚ್ಚಿ ಗಾಳಿ ತಗಿಯೋದು ಇದ್ರಲ್ಲೇಯ. ಕೊಳವೆ ಎಲ್ಲಿ?"

ಪಾತ್ರೆಯವನಿಗೆ ಕೊಟ್ಟುಬಿಟ್ಟೆ ಎಂದೆ.

"ಕೊಳವೆ ಒಳ್ಗೇ ನಿಂತ್ರೆ ತಾನೆ ಗಾಳಿ ಬರಾದು? ಬರೀ ಇದ್ನ ಚುಚ್ಚಿ ಎಳುದ್ರೆ ತೂತು ಮುಚ್ಕತದೆ."

ಆದರೂ ಚುಚ್ಚಿದರು. ಬುಸ್ಸೆಂದು ಒಂದಿಷ್ಟು ಗಾಳಿ ಬಂತು, ನಿಂತಿತು. ಮತ್ತೆ ಚುಚ್ಚಿದರು. ನಾನು ಓಡಿಹೋಗಿ ಹರಳೆಲೆಯ ಕೊಳವೆಯಂಥ ತೊಟ್ಟು ಕಿತ್ತು ತಂದೆ. ತೂರಿಸುವಷ್ಟರಲ್ಲೇ ಅದು ನಜ್ಜಾಯಿತು. ಎಮ್ಮೆ ಮಂಡಿಯೂರಿತು, ಪಕ್ಕಕ್ಕೆ ಬಿತ್ತು. ಹೊತ್ತು ಇಳಿಯುವ ಮುಂಚೆ ಎಲ್ಲ ಮುಗಿಯಿತು. ನನ್ನ ಮೇಲೆ ನನಗೇ ಅಸಹ್ಯವಾಯಿತು. ಅದು ಇವತ್ತಿಗೂ ಹೋಗಿಲ್ಲ.

ಕಾಂಪೌಂಡರು ಚುಚ್ಚುಗೋಲನ್ನು ತೊಳೆದು ನನ್ನ ಕೈಗಿತ್ತು ಸೈಕಲ್ ಹತ್ತಿದರು. ಹೆಂಡತಿ ಎಮ್ಮೆಯ ತಲೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಏನಾದರೂ ಹೇಳೋಣವೆಂದು ಹತ್ತಿರ ಹೋದೆ. ಅವಳು ಮುಖ ಎತ್ತಲಿಲ್ಲ.

"ಅದಿರೋದು ಏನುಕ್ಕೆ ಅಂತ ಈಗ ಗೊತ್ತಾಯ್ತಲ್ಲ, ಓಗಿ" ಎಂದಳು.